ಎರಡು ಎಕರೆ ಇಪ್ಪತ್ತು ಗುಂಟೆ: ಸಾಫ್ಟ್‌ವೇರ್‌ನವರ ಬಗ್ಗೆ ನಿಮ್ಮ ಪ್ರಶ್ನೆಗಳು

ಸಾಫ್ಟ್‌ವೇರ್ ಬರೆಯುವವರ ಬಗ್ಗೆ ಕೇಳಬೇಕೆನಿಸಿದ್ದನ್ನೆಲ್ಲ ಬರೆದು ಕಳಿಸಿ ಎಂದು ಸಂಪಾದಕರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಬಂದ ಪತ್ರಗಳಲ್ಲಿ ಸಿಟ್ಟಿದೆ, ಆಸೆಯಿದೆ, ಆತಂಕವೂ ಇದೆ. ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಇದೇ ಕೆಲಸ ಮಾಡಿ, ಈಗ ರಾಯಚೂರಿನಲ್ಲಿದ್ದುಕೊಂಡು ಅಡತ್ ಅಂಗಡಿಗಳಿಗೂ ಜಿನ್ನಿಂಗ್ ಮಿಲ್‌ಗಳಿಗೂ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುತ್ತಿರುವವಳು. ಈ ವೃತ್ತಿಯ ಮೇಲೆ ನನಗೆ ಪ್ರೀತಿ ಇದೆ. ಅದಕ್ಕೇ ಅದರ ಕೊರತೆಗಳನ್ನು ಮುಚ್ಚಿಡುವ ಮನಸ್ಸಿಲ್ಲ.

ಪ್ರಶ್ನೆ: ನಮ್ಮ ಮಿಲ್ ಮಾಲೀಕರು ಗುತ್ತಿಗೆಗೆ ಕೊಟ್ಟ ಜಮೀನುಗಳ ಲೆಕ್ಕಕ್ಕೆಂದು ಹೊಸ ಸಾಫ್ಟ್‌ವೇರ್ ಹಾಕಿಸಿದ್ದಾರೆ. ಎಕರೆಗೆ 20 ಚೀಲ ಭತ್ತದ ಮಾತಾಗಿದೆ. ಎರಡು ಎಕರೆ ಇಪ್ಪತ್ತು ಗುಂಟೆಗೆ ಅದು 44 ಚೀಲ ತೋರಿಸುತ್ತದೆ. ನಾನು ಕೈಯಲ್ಲಿ ಹಾಕಿದರೆ 50 ಬರುತ್ತದೆ. ಫೋನ್ ಮಾಡಿದರೆ ಅದನ್ನು ಬರೆದ ಹುಡುಗ, ‘ಸಿಸ್ಟಮ್ ಸರಿಯಾಗಿದೆ, ನೀವೇ ತಪ್ಪು ಒತ್ತಿದ್ದೀರಿ’ ಎನ್ನುತ್ತಾನೆ. ಇಷ್ಟು ಓದಿದವರಿಗೆ ಇಷ್ಟು ಸಣ್ಣ ಲೆಕ್ಕ ಏಕೆ ತಿಳಿಯುವುದಿಲ್ಲ?
– ರೈಸ್ ಮಿಲ್ ಲೆಕ್ಕಿಗ, ಗಂಗಾವತಿ

ಉತ್ತರ: ನಿಮ್ಮ 50 ಸರಿ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ. ನೀವು ಪಹಣಿಯಲ್ಲಿ ಕಂಡಂತೆ 2.20 ಎಂದು ತುಂಬಿದ್ದೀರಿ. ಯಂತ್ರ ಆ ಚುಕ್ಕೆಯನ್ನು ದಶಾಂಶ ಬಿಂದು ಎಂದು ಓದಿಕೊಂಡಿದೆ. ಅದರ ಪಾಲಿಗೆ ನಿಮ್ಮ ಜಮೀನು ಎರಡು ಎಕರೆ ಎಂಟು ಗುಂಟೆ. ಹನ್ನೆರಡು ಗುಂಟೆ ಅಲ್ಲೇ ಮಾಯ, ಜೊತೆಗೆ ಆರು ಚೀಲ. ನಿಮ್ಮ ಕಡೆಯ 75 ಕೆ.ಜಿ. ಚೀಲದ ಲೆಕ್ಕದಲ್ಲಿ ನಾಲ್ಕೂವರೆ ಕ್ವಿಂಟಲ್ ಭತ್ತ. ಕೂಡಿಸಲು ಹೋದರೆ ಇನ್ನೂ ಕೆಡುತ್ತದೆ. 2.20ಕ್ಕೆ 1.30 ಸೇರಿಸಿ ನೋಡಿ, 3.50 ಎನ್ನುತ್ತದೆ. ಮೂರು ಎಕರೆ ಐವತ್ತು ಗುಂಟೆ ಎಂಬ ಜಮೀನನ್ನು ಯಾವ ಗ್ರಾಮಲೆಕ್ಕಿಗನೂ ಕಂಡಿರಲಾರ. ಸರಿಯಾದ ಉತ್ತರ ನಾಲ್ಕು ಎಕರೆ ಹತ್ತು ಗುಂಟೆ.

ಪರಿಹಾರ ಸುಲಭ. ಎಕರೆಗೊಂದು, ಗುಂಟೆಗೊಂದು ಬೇರೆ ಬೇರೆ ಖಾನೆ ಇರಬೇಕು. ಗುಂಟೆಯ ಖಾನೆ 39ಕ್ಕಿಂತ ಹೆಚ್ಚಿನದನ್ನು ಒಪ್ಪಬಾರದು. ಒಳಗಿನ ಲೆಕ್ಕವೆಲ್ಲ ಗುಂಟೆಯಲ್ಲೇ ನಡೆದು, ಕೊನೆಗೆ ತೋರಿಸುವಾಗ ಮಾತ್ರ ಎಕರೆಗೆ ತಿರುಗಬೇಕು. ತಿಳಿದವನಿಗೆ ಒಂದು ಮಧ್ಯಾಹ್ನದ ಕೆಲಸ.

ಆ ಹುಡುಗನಿಗೆ ಬುದ್ಧಿ ಇಲ್ಲವೆಂದು ನಾನು ಹೇಳುವುದಿಲ್ಲ. ಒಂದು ಕೆಲಸವನ್ನು ತುಂಡು ತುಂಡಾಗಿ ಬಿಡಿಸಿ, ಯಂತ್ರ ಲಕ್ಷ ಸಲ ಮಾಡಿದರೂ ದಾರಿ ತಪ್ಪದಂತೆ ಬರೆದಿಡುವುದು ಸಣ್ಣ ವಿದ್ಯೆಯಲ್ಲ. ಅದಕ್ಕೆ ತಾಳ್ಮೆಯೂ ಬೇಕು, ಏಕಾಗ್ರತೆಯೂ ಬೇಕು. ಆದರೆ ಕಾಲೇಜಿನಲ್ಲಿ ಅವನಿಗೆ ಯಾರೂ ಗುಂಟೆಯನ್ನು ಕಲಿಸಲಿಲ್ಲ, ಬರೆಯುವ ಮುಂಚೆ ಅವನು ನಿಮ್ಮನ್ನು ಕೇಳಲೂ ಇಲ್ಲ. ಪ್ರೋಗ್ರಾಂ ಎಲ್ಲೂ ನಿಲ್ಲದೆ ಓಡಿದರೆ ವಿಷಯವೂ ಸರಿಯಾಗಿದೆ ಎಂದು ನಂಬುವುದು ನಮ್ಮ ವೃತ್ತಿಯ ದೊಡ್ಡ ರೋಗ. ಯಂತ್ರವನ್ನು ಬಲ್ಲವನು ವ್ಯವಹಾರವನ್ನೂ ಬಲ್ಲೆ ಎಂದುಕೊಂಡುಬಿಡುತ್ತಾನೆ.

‘ನೀವೇ ತಪ್ಪು ಒತ್ತಿದ್ದೀರಿ’ ಎಂಬ ಮಾತು ನನ್ನ ಹೊಟ್ಟೆ ಉರಿಸುತ್ತದೆ. ಆ ಮಾತಿಗೆ ಹಿಂದೆ ಜೀವಗಳೇ ಹೋಗಿವೆ. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಕೆಲವರು ಅದರಿಂದಲೇ ಸತ್ತರು. 1986ರಲ್ಲಿ ಟೆಕ್ಸಾಸ್‌ನ ಟೈಲರ್ ಊರಿನ ಆಸ್ಪತ್ರೆಯಲ್ಲಿ ಯಂತ್ರ ನಡೆಸುತ್ತಿದ್ದವರು ಒಂದು ಅಕ್ಷರ ತಪ್ಪಾಗಿ ಒತ್ತಿ, ಕೂಡಲೇ ಪರದೆಯಲ್ಲಿ ಆ ಸಾಲಿಗೆ ಮೇಲಕ್ಕೆ ಹೋಗಿ ತಿದ್ದಿ ಮುಂದುವರಿದರು. ಪರದೆಯ ಮೇಲೆ ‘ಮಾಲ್‌ಫಂಕ್ಷನ್ 54’, ಅಂದರೆ 54ನೇ ದೋಷ, ಎಂದಷ್ಟೇ ಬಂತು. ತಯಾರಕ ಕಂಪನಿಯ ಎಂಜಿನಿಯರ್‌ಗಳು ಪರೀಕ್ಷಿಸಿ, ಹೀಗಾಗಲು ಸಾಧ್ಯವೇ ಇಲ್ಲ ಎಂದರು. ಅದೇ ತಪ್ಪು ಮರುಕಳಿಸಿದ ಮೇಲೆ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಆ ಆಪರೇಟರ್ ಜೊತೆ ಕುಳಿತು, ಅವರು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸಿ ನೋಡಿದರು. ಗುಟ್ಟು ಇದ್ದದ್ದು ವೇಗದಲ್ಲಿ. ಪಳಗಿದ ಕೈ ಎಂಟು ಸೆಕೆಂಡುಗಳೊಳಗೆ ತಿದ್ದುಪಡಿ ಮುಗಿಸಿದಾಗ ಯಂತ್ರಕ್ಕೆ ಆ ಬದಲಾವಣೆ ತಿಳಿಯುತ್ತಿರಲಿಲ್ಲ. ನಿಧಾನವಾಗಿ ಒತ್ತಿ ಪರೀಕ್ಷಿಸಿದವರಿಗೆ ಅದು ಕಾಣಿಸುವುದಾದರೂ ಹೇಗೆ?

ಸುಗ್ಗಿಯ ದಿನ ರಾಯಚೂರಿನ ಕೃಷಿ ಮಾರುಕಟ್ಟೆಯಾದ ಗಂಜ್‌ನಲ್ಲಿ ಲೆಕ್ಕ ಬರೆಯುವವರ ಪಕ್ಕದಲ್ಲಿ ನಿಂತು ನೋಡಬೇಕು. ಎಡಗೈ ತೂಕದ ಚೀಟಿಗಳನ್ನು ಮಗುಚುತ್ತಿರುತ್ತದೆ, ಬಲಗೈ ಅಂಕಿಗಳ ಕೀಲಿಗಳ ಮೇಲೆ ಓಡುತ್ತಿರುತ್ತದೆ, ಕಣ್ಣು ಚೀಟಿಯ ಮೇಲಿರುತ್ತದೆಯೇ ಹೊರತು ಪರದೆಯ ಮೇಲಲ್ಲ. ನಡುವೆ ಎಚ್ಚರಿಕೆಯ ಚೌಕವೊಂದು ಎದ್ದು ಬಂದರೆ, ಅದನ್ನು ಓದುವ ಮುಂಚೆಯೇ ಬೆರಳು ಎಂಟರ್ ಒತ್ತಿ ಆಗಿರುತ್ತದೆ. ಹೊರಗೆ ಹಮಾಲರು ಕಾಯುತ್ತಿದ್ದಾರೆ, ರೈತ ಹಣಕ್ಕೆ ನಿಂತಿದ್ದಾನೆ. ಅವರು ಮತ್ತೇನು ಮಾಡಬೇಕು? ಎಚ್ಚರಿಕೆ ಕೊಟ್ಟಿದ್ದೆ, ಅವರೇ ಓದಲಿಲ್ಲ ಎನ್ನುವ ಎಂಜಿನಿಯರ್ ಆ ಅಂಗಡಿಯೊಳಗೆ ಕಾಲಿಟ್ಟವನಲ್ಲ.

ನೀವು ಹೀಗೆ ಮಾಡಿ. ನಾಲ್ಕು ಜಮೀನುಗಳ ವಿಸ್ತೀರ್ಣವನ್ನೂ ನೀವು ಕೈಯಲ್ಲಿ ಹಾಕಿದ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆದು, ಯಂತ್ರದ ಉತ್ತರವನ್ನು ಪಕ್ಕದಲ್ಲಿಟ್ಟು, ಫೋಟೊ ತೆಗೆದು ಆ ಹುಡುಗನಿಗೆ ಕಳಿಸಿ. ಫೋನಿನಲ್ಲಿ ಜಗಳವಾಡಬೇಡಿ. ಅಂಕಿ ಕಣ್ಣೆದುರು ಬಂದರೆ ಅವನು ತಿದ್ದುತ್ತಾನೆ. ಆಮೇಲೂ ತಿದ್ದದಿದ್ದರೆ ಮಾಲೀಕರಿಗೆ ಹೇಳಿ ಬೇರೆಯವರನ್ನು ಹುಡುಕಿ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಊರಿಗೆ ಬಂದಾಗ ಮನೆಯ ಪ್ರಿಂಟರ್ ಸರಿ ಮಾಡಲು ಬರಲಿಲ್ಲ. ಮೂರು ತಿಂಗಳಿಂದ ಹಣ ಪಾವತಿಯ ಒಂದೇ ಬಟನ್‌ನ ಕೆಲಸ ಮಾಡುತ್ತಿದ್ದೇನೆ ಎನ್ನುತ್ತಾನೆ. ಅವನಿಗೆ ನಿಜವಾಗಿ ಕೆಲಸ ಬರುತ್ತದೆಯೇ?
– ಒಬ್ಬ ತಂದೆ, ಸಿಂಧನೂರು

ಉತ್ತರ: ಬರುತ್ತದೆ, ಚಿಂತೆ ಬಿಡಿ. ಪ್ರಿಂಟರ್ ಅವನ ವಿದ್ಯೆಯಲ್ಲ. ಆ ಬಟನ್ ಮಾತ್ರ ಹುಡುಗಾಟವಲ್ಲ. ಯಾರೋ ಅದನ್ನು ಎರಡು ಸಲ ಒತ್ತುತ್ತಾರೆ. ಹಣ ಎರಡು ಸಲ ಹೋಗಬಾರದು. ಒತ್ತಿದ ಕೂಡಲೇ ನೆಟ್‌ವರ್ಕ್ ಹೋಗುತ್ತದೆ. ಹಣ ಹೋಯಿತೋ ಇಲ್ಲವೋ ಎಂದು ಎರಡೂ ಕಡೆ ಒಂದೇ ಉತ್ತರ ಇರಬೇಕು. ಖಾತೆಯಿಂದ ಕಡಿತವಾಗಿ ಅಂಗಡಿಗೆ ಮುಟ್ಟದಿದ್ದರೆ ತಾನಾಗಿ ಹಿಂತಿರುಗಬೇಕು. ಇದನ್ನೆಲ್ಲ ಯೋಚಿಸಿ ಬರೆಯಲು ಮೂರು ತಿಂಗಳು ಹೆಚ್ಚೇನಲ್ಲ. ಮುಂದಿನ ಸಲ ಬಂದಾಗ ಅವನು ಬರೆದದ್ದನ್ನು ನಿಮಗೆ ಅರ್ಥವಾಗುವಂತೆ ಹೇಳಲು ಕೇಳಿ. ಅದು ಅವನಿಗೂ ಒಳ್ಳೆಯದು.

ಪ್ರಶ್ನೆ: ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಈಗ ಎಂಜಿನಿಯರಿಂಗ್ ಕೊನೆಯ ವರ್ಷ. ಜಾವಾ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳೆರಡೂ ಬರುತ್ತವೆ, ಪ್ರಮಾಣಪತ್ರಗಳೂ ಇವೆ. ಆದರೂ ಸಂದರ್ಶನದಲ್ಲಿ ಎರಡನೇ ಸುತ್ತು ದಾಟುತ್ತಿಲ್ಲ. ನನ್ನಲ್ಲಿ ಏನು ಕಡಿಮೆ?
– ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಇಂಗ್ಲಿಷ್ ಬೇಕು, ಅದನ್ನು ಕಲಿಯಿರಿ, ದಿನಕ್ಕೆ ಎರಡು ಪುಟ ಗಟ್ಟಿಯಾಗಿ ಓದಿದರೆ ಅದು ಬರುತ್ತದೆ. ಆದರೆ ಎರಡನೇ ಸುತ್ತಿನಲ್ಲಿ ಬಹುತೇಕ ಬೇರೆಯದನ್ನು ನೋಡುತ್ತಾರೆ. ನಮ್ಮ ಕಡೆಯ ಕಾಲೇಜುಗಳಿಂದ ಬಂದವರಲ್ಲಿ ನಾನು ಕಂಡ ಕೊರತೆ ಇದು: ಅವರು ಹೊಸ ಪ್ರೋಗ್ರಾಂ ಮಾತ್ರ ಬರೆದಿರುತ್ತಾರೆ, ಇನ್ನೊಬ್ಬರು ಬರೆದದ್ದನ್ನು ಓದಿರುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಆಗುವುದು ತದ್ವಿರುದ್ಧ. ಯಾರೋ ಬರೆದು ಬಿಟ್ಟು ಹೋದ ಸಾವಿರಾರು ಸಾಲುಗಳ ನಡುವೆ ಕುಳಿತು, ಒಂದನ್ನು ಬದಲಿಸಿದರೆ ಇನ್ನಾವುದು ಮುರಿಯುತ್ತದೆ ಎಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಆದ್ದರಿಂದ ಹಿಂದಿನ ವರ್ಷದವರ ಯಾವುದಾದರೂ ಪ್ರಾಜೆಕ್ಟ್ ತೆಗೆದುಕೊಳ್ಳಿ. ಬರೆದವರನ್ನು ಏನೂ ಕೇಳದೆ ಅದಕ್ಕೊಂದು ಹೊಸ ಸೌಲಭ್ಯ ಸೇರಿಸಿ. ವಾರವಿಡೀ ತಲೆ ಕೆಡುತ್ತದೆ. ನಾಲ್ಕು ಪ್ರಮಾಣಪತ್ರಗಳು ಕಲಿಸದಿದ್ದುದು ಆ ವಾರದಲ್ಲಿ ಬರುತ್ತದೆ.

ಇನ್ನೊಂದು ಅಭ್ಯಾಸ, ಕನ್ನಡದಲ್ಲೇ. ‘ಮಲ್ಲಿಕಾರ್ಜುನ’ ಎಂಬ ಹೆಸರಿನ ಉದ್ದವೆಷ್ಟು ಎಂದು ಪೈಥಾನ್ ಅನ್ನು ಕೇಳಿ. ನಾವು ಓದುವುದು ಐದು ಅಕ್ಷರ: ಮ, ಲ್ಲಿ, ಕಾ, ರ್ಜು, ನ. ಪೈಥಾನ್ 12 ಎನ್ನುತ್ತದೆ, ಏಕೆಂದರೆ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ ಒಂದೊಂದೂ ಬೇರೆ ಸಂಕೇತ. ಅದನ್ನೇ ಯುಟಿಎಫ್-8 ಎಂಬ ರೂಪದಲ್ಲಿ ಕಡತಕ್ಕೆ ಉಳಿಸಿದರೆ 36 ಬೈಟ್ ಜಾಗ ಬೇಕು. ಈಗ ಹೆಸರಿಗೆ ಹತ್ತೇ ಸ್ಥಾನವಿಟ್ಟವನ ಪ್ರೋಗ್ರಾಂ ಏನು ಮಾಡುತ್ತದೆ? ‘ಮಲ್ಲಿಕಾರ್ಜ’ ಎಂದು ಕತ್ತರಿಸಿ ಬಿಸಾಡುತ್ತದೆ, ಐದಕ್ಷರದ ಹೆಸರಿಗೆ ಹತ್ತು ಸ್ಥಾನ ಧಾರಾಳ ಎಂದು ಅವನು ಎಣಿಸಿದ್ದರೂ ಸಹ. ಆ ಹೆಸರನ್ನು ಹಿಂದುಮುಂದಾಗಿಸುವ ಪ್ರೋಗ್ರಾಂ ಬರೆದು ನೋಡಿ, ಪುಸ್ತಕದ ಉತ್ತರ ಹೇಗೆ ಕೈಕೊಡುತ್ತದೆ ಎಂದು ಗೊತ್ತಾಗುತ್ತದೆ. ಇದನ್ನು ಸಂದರ್ಶನದಲ್ಲಿ ವಿವರಿಸಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಎಷ್ಟೋ ಮಂದಿಗೆ ಈ ತೊಡಕು ಇದೆ ಎಂಬುದೇ ತಿಳಿದಿರುವುದಿಲ್ಲ. ನಿಮ್ಮ ಕನ್ನಡ ಇಲ್ಲಿ ನಿಮ್ಮ ಬಲ.

ಗೊತ್ತಿಲ್ಲದ್ದನ್ನು ಕೇಳಿದಾಗ ಸುಮ್ಮನೆ ತಡವರಿಸಬೇಡಿ. ‘ಇದು ನನಗೆ ಗೊತ್ತಿಲ್ಲ, ತಿಳಿಯಲು ಮೊದಲು ಇಲ್ಲಿ ನೋಡುತ್ತೇನೆ’ ಎಂದು ದಾರಿ ಹೇಳಿ. ನಾನು ಜನರನ್ನು ಆರಿಸುವಾಗ ಈ ಉತ್ತರಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಪ್ರಶ್ನೆ: ನಮ್ಮೂರಿನಲ್ಲಿ ಒಂದೇ ಹೆಸರಿನ ಇಬ್ಬರು ಪೋಷಕರಿದ್ದಾರೆ. ಇಬ್ಬರ ಜನ್ಮದಿನವೂ ಒಂದೇ ವರ್ಷದ ಜೂನ್ 1. ಕಂಪ್ಯೂಟರಿನಲ್ಲಿ ಒಬ್ಬರ ಅರ್ಜಿ ತುಂಬಿದ ಮೇಲೆ ಇನ್ನೊಬ್ಬರದ್ದು ‘ಈಗಾಗಲೇ ನೋಂದಣಿಯಾಗಿದೆ’ ಎಂದು ವಾಪಸಾಗುತ್ತಿದೆ. ಮನೆತನದ ಹೆಸರಿನ ಖಾನೆ ಖಾಲಿ ಬಿಡಲು ಬಿಡುವುದಿಲ್ಲವಾದ್ದರಿಂದ ಅಲ್ಲಿ ಒಂದು ಚುಕ್ಕೆ ಇಡುತ್ತಿದ್ದೇವೆ. ಇದು ಸರಿಯೇ?
– ಶಿಕ್ಷಕಿ, ಮಾನ್ವಿ

ಉತ್ತರ: ಚುಕ್ಕೆ ಇಡಬೇಡಿ. ನಾಳೆ ಬ್ಯಾಂಕ್ ಪಾಸ್‌ಬುಕ್ಕಿನ ಹೆಸರಿಗೂ ಇದಕ್ಕೂ ತಾಳೆಯಾಗದೆ ಬರಬೇಕಾದ ಹಣ ನಿಲ್ಲುತ್ತದೆ. ಎರಡೂ ಅರ್ಜಿದಾರರ ಗುರುತಿನ ದಾಖಲೆಗಳ ಪ್ರತಿ ಇಟ್ಟು ಸಂಬಂಧಪಟ್ಟ ಕಚೇರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ಅರ್ಜಿ ಪಾಸಾಗಲಿ ಎಂದು ಜನ್ಮದಿನವನ್ನು ಮಾತ್ರ ಬದಲಿಸಬೇಡಿ.

ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನ ಮೇಲೆ ವರ್ಷ ಹಾಕಿ ಜೂನ್ 1 ಎಂದು ಬರೆದುಕೊಂಡದ್ದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಹೆಸರು, ಜನ್ಮದಿನ ಎರಡೂ ಒಂದೇ ಆದರೆ ವ್ಯಕ್ತಿಯೂ ಒಬ್ಬನೇ ಎಂದು ಪ್ರೋಗ್ರಾಂ ಬರೆದವನಿಗೆ ಇದು ಗೊತ್ತಿರಲಿಲ್ಲ. ಎಲ್ಲರಿಗೂ ಮನೆತನದ ಹೆಸರು ಇರುತ್ತದೆ ಎಂಬುದೂ ಅಂಥದೇ ಊಹೆ. ತನ್ನ ಮನೆ, ತನ್ನ ಬಡಾವಣೆ, ತನ್ನ ಸಹಪಾಠಿಗಳನ್ನು ನೋಡಿ ಇಡೀ ನಾಡನ್ನು ಊಹಿಸಿಕೊಂಡು ಬರೆದರೆ ಬಡವರ ಅರ್ಜಿಗಳೇ ಮೊದಲು ಬೀಳುತ್ತವೆ. ಇದನ್ನು ನಾನು ಕೇವಲ ತಾಂತ್ರಿಕ ದೋಷ ಎನ್ನಲಾರೆ.

ಪ್ರಶ್ನೆ: ಬ್ರಿಟನ್ನಿನಲ್ಲಿ ಕಂಪ್ಯೂಟರಿನ ತಪ್ಪಿಗೆ ಅಂಚೆ ಕಚೇರಿ ನಡೆಸುವವರನ್ನು ಜೈಲಿಗೆ ಹಾಕಿದರು ಎಂದು ಓದಿದೆ. ಜೀವನವೆಲ್ಲ ಕೌಂಟರಿನಲ್ಲಿ ಕುಳಿತವನಿಗೆ ಇದನ್ನು ನಂಬಲಾಗುತ್ತಿಲ್ಲ. ನಿಜವೇ?
– ನಿವೃತ್ತ ಅಂಚೆ ನೌಕರ, ಲಿಂಗಸುಗೂರು

ಉತ್ತರ: ನಿಜ. ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ಬಂತು. ಸಂಜೆ ಲೆಕ್ಕ ಮುಗಿಸಿದಾಗ ಪರದೆ ಹಣ ಕಡಿಮೆ ಇದೆ ಎನ್ನುತ್ತಿತ್ತು. ಕೌಂಟರಿನ ಪೆಟ್ಟಿಗೆ ಎಣಿಸಿದವರಿಗೆ ತಾವು ಮುಟ್ಟಿಲ್ಲವೆಂದು ಗೊತ್ತು, ಆದರೆ ಒಪ್ಪಂದದ ಪ್ರಕಾರ ಕೊರತೆಯನ್ನು ಅವರೇ ತುಂಬಬೇಕು ಎಂದು ಅಂಚೆ ಸಂಸ್ಥೆ ಪಟ್ಟು ಹಿಡಿಯುತ್ತಿತ್ತು. ಮನೆಯ ಉಳಿತಾಯ ತಂದು ತುಂಬಿದರು, ಸಾಲ ಮಾಡಿದರು. ಸಹಾಯವಾಣಿಗೆ ಕರೆ ಮಾಡಿದರೆ, ಈ ತೊಂದರೆ ನಿಮ್ಮೊಬ್ಬರಿಗೇ ಎಂಬ ಉತ್ತರ ಬಂತೆಂದು ಅನೇಕರು ಮುಂದೆ ಸಾಕ್ಷಿ ಹೇಳಿದ್ದಾರೆ. ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳಲ್ಲಿ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಅಲನ್ ಬೇಟ್ಸ್ ಎಂಬ ಅಂಚೆಪಾಲಕರು ಬೆನ್ನು ಬಿಡದೆ ಜನ ಸೇರಿಸಿ ಹೋರಾಡಿದರು. ವ್ಯವಸ್ಥೆಯಲ್ಲೇ ದೋಷಗಳಿದ್ದವೆಂದು 2019ರಲ್ಲಿ ಹೈಕೋರ್ಟ್ ತೀರ್ಪು ಕೊಟ್ಟಿತು. 2024ರಲ್ಲಿ ಸಂಸತ್ತು ಕಾನೂನು ಮಾಡಿ ಶಿಕ್ಷೆಗಳನ್ನು ರದ್ದುಪಡಿಸಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು.

ಪ್ರೋಗ್ರಾಂನಲ್ಲಿ ದೋಷ ಇದ್ದದ್ದು ನನಗೆ ಆಶ್ಚರ್ಯವಲ್ಲ, ಎಲ್ಲದರಲ್ಲೂ ಇರುತ್ತದೆ. ನಿದ್ದೆ ಕೆಡಿಸುವುದು ಬೇರೆ ಸಂಗತಿ. ಕಂಪನಿಯೊಳಗೆ ದೋಷಗಳ ಪಟ್ಟಿ ಇತ್ತು. ದೂರದಲ್ಲಿ ಕುಳಿತ ಸಿಬ್ಬಂದಿ ಶಾಖೆಯ ಲೆಕ್ಕವನ್ನು ತಿದ್ದಬಹುದಿತ್ತು; ಅದು ಸಾಧ್ಯವೇ ಇಲ್ಲವೆಂದು ಹೊರಗೆ ವರ್ಷಗಟ್ಟಲೆ ಹೇಳಲಾಯಿತು. ಗೊತ್ತಿದ್ದ ಎಂಜಿನಿಯರ್‌ಗಳು ಆ ಕಟ್ಟಡದಲ್ಲೇ ಇದ್ದರು. ನಮ್ಮವರಿಗೆ ದೋಷ ಹುಡುಕುವುದನ್ನು ಕಲಿಸುತ್ತೇವೆ. ಹುಡುಕಿದ ಮೇಲೆ ಅದನ್ನು ಮೇಲಿನವರಿಗೆ, ಬೇಕಾದರೆ ನ್ಯಾಯಾಲಯಕ್ಕೆ, ಬಾಯಿಬಿಟ್ಟು ಹೇಳುವುದನ್ನು ಯಾವ ಕಾಲೇಜು ಕಲಿಸುತ್ತದೆ? ನಿಮ್ಮಂಥವರು ಕೈಬರಹದ ದಿನಚರಿ ಇಡುತ್ತಿದ್ದಿರಲ್ಲ, ಯಾವಾಗ ಯಾರು ಏನು ಬದಲಿಸಿದರು ಎಂದು? ನಾನು ಬರೆಯುವ ಪ್ರತಿ ಲೆಕ್ಕದ ಪ್ರೋಗ್ರಾಂನಲ್ಲೂ ಅಳಿಸಲಾಗದ ಅಂಥದೊಂದು ದಾಖಲೆ ಇರುತ್ತದೆ. ಅದನ್ನು ನೋಡುವ ಹಕ್ಕು ಗುಮಾಸ್ತನಿಗೂ ಇರುತ್ತದೆ, ಮಾಲೀಕನಿಗೆ ಮಾತ್ರವಲ್ಲ. ಇದನ್ನು ಒಪ್ಪದ ಅಂಗಡಿಗೆ ನಾನು ಕೆಲಸ ಮಾಡಿಕೊಡುವುದಿಲ್ಲ.

ಪ್ರಶ್ನೆ: ಮನೆಯಿಂದಲೇ ಕೆಲಸ. ಪ್ರಾಜೆಕ್ಟ್ ತಡವಾಗಿದೆ ಎಂದು ಮ್ಯಾನೇಜರ್ ಇನ್ನೂ ಐದು ಮಂದಿಯನ್ನು ಸೇರಿಸಿದ್ದಾರೆ. ಈಗ ಇನ್ನೂ ತಡವಾಗುತ್ತಿದೆ. ಹೇಗೆ ಹೇಳಲಿ?
– ಎಂಜಿನಿಯರ್, ರಾಯಚೂರು

ಉತ್ತರ: ಐಬಿಎಂನಲ್ಲಿ ಸಿಸ್ಟಮ್/360 ಗಣಕಗಳನ್ನು ನಡೆಸುವ ಮೂಲ ಸಾಫ್ಟ್‌ವೇರ್ ಆದ ಆಪರೇಟಿಂಗ್ ಸಿಸ್ಟಮ್ ಕಟ್ಟಿಸಿದ ಫ್ರೆಡ್ ಬ್ರೂಕ್ಸ್ ಇದನ್ನು 1975ರಲ್ಲೇ ಬರೆದಿಟ್ಟಿದ್ದಾರೆ: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಐದು ಮಂದಿಯ ನಡುವೆ ಹತ್ತು ಜೋಡಿ ಮಾತುಕತೆ ಸಾಕು, ಹತ್ತು ಮಂದಿಯಾದರೆ ನಲವತ್ತೈದು. ಹೊಸಬರಿಗೆ ಕಲಿಸಲು ಹಳಬರೇ ಕೆಲಸ ಬಿಡಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಕರೆಸಿದ್ದು ಗೇಟುಗಳನ್ನು ಬಲ್ಲ ಕನ್ನಯ್ಯ ನಾಯ್ಡು ಅವರನ್ನು. ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಗೇಟಾದ ಸ್ಟಾಪ್‌ಲಾಗ್ ಇಳಿಸಿದರು. ನಿಮ್ಮ ಮ್ಯಾನೇಜರ್‌ಗೂ ಬೇಕಾಗಿರುವುದು ಬಲ್ಲವರ ಸಮಯ. ಹೊಸಬರಿಗೆ ಪರೀಕ್ಷೆಯ ಕೆಲಸ ಕೊಟ್ಟು, ಮೂಲ ಕೋಡ್ ಅನ್ನು ಹಳಬರ ಕೈಯಲ್ಲೇ ಇಡಿ ಎಂದು ಬರೆದು ಕಳಿಸಿ. ಮತ್ತು ಮೊದಲಿಗೆ ‘ಎರಡು ವಾರ ಸಾಕು’ ಎಂದವರು ಯಾರು ಎಂಬುದನ್ನೂ ತಂಡದಲ್ಲಿ ಮಾತನಾಡಿ. ಕೇಳಿದವರನ್ನು ಖುಷಿಪಡಿಸಲು ದಿನ ಕಡಿಮೆ ಹೇಳುವುದು ನಮ್ಮವರ ಹಳೆಯ ಚಾಳಿ.

ಪ್ರಶ್ನೆ: ಡಿಪ್ಲೊಮಾ ಮುಗಿಸಿದ್ದೇನೆ. ಈಗ ಕೃತಕ ಬುದ್ಧಿಮತ್ತೆಯೇ ಕೋಡ್ ಬರೆಯುತ್ತದೆ, ಅದನ್ನು ಬಳಸಲು ಕಲಿಸುತ್ತೇವೆ ಎಂದು ಒಂದು ಸಂಸ್ಥೆ ಐವತ್ತು ಸಾವಿರ ಕೇಳುತ್ತಿದೆ. ಅಪ್ಪ ಸಾಲ ಮಾಡಲು ಸಿದ್ಧರಿದ್ದಾರೆ. ಸೇರಲೇ?
– ಯುವತಿ, ಕುಷ್ಟಗಿ

ಉತ್ತರ: ಸೇರಬೇಡಿ. ಅಪ್ಪನಿಗೆ ಸಾಲ ಬೇಡವೆಂದು ಇಂದೇ ಹೇಳಿ. ಆ ಸಾಧನಗಳನ್ನು ಮನೆಯಲ್ಲೇ ಬಳಸಿ ಕಲಿಯಬಹುದು. ಅವು ಚೆನ್ನಾಗಿಯೇ ಬರೆಯುತ್ತವೆ, ನಾನೂ ಬಳಸುತ್ತೇನೆ. ಕಲಿಯಬೇಕಾದದ್ದು ಅವು ಬರೆದದ್ದನ್ನು ಪರೀಕ್ಷಿಸುವುದನ್ನು.

ಒಂದು ಉದಾಹರಣೆ ಕೊಡುತ್ತೇನೆ. ಏಳು ಹಮಾಲರಿಗೆ ಸಾವಿರ ರೂಪಾಯಿ ಹಂಚುವ ಪ್ರೋಗ್ರಾಂ ಬರೆಯಲು ಹೇಳಿ. ಬರಿಯ ಭಾಗಾಕಾರ ಮಾಡಿ ಪೈಸೆಗೆ ಸರಿಹೊಂದಿಸಿದರೆ ಒಬ್ಬರಿಗೆ 142.86 ಬರುತ್ತದೆ. ಏಳರಿಂದ ಗುಣಿಸಿ: 1000.02. ಇಲ್ಲದ ಎರಡು ಪೈಸೆ ಹುಟ್ಟಿತು. ಪೈಸೆ ಯಾರಿಗೆ ಬೇಕು ಎನ್ನಬೇಡಿ, ಖಾತೆ ತಾಳೆಯಾಗದೆ ಗುಮಾಸ್ತ ರಾತ್ರಿ ಕೂರುವುದು ಆ ಎರಡು ಪೈಸೆಗೇ. ಇದನ್ನು ಹೇಗೆ ಹಂಚುತ್ತೀರಿ ಎಂದು ಇಲ್ಲಿನ ಹಮಾಲರ ಮೇಸ್ತ್ರಿಯೊಬ್ಬರನ್ನು ಕೇಳಿದ್ದೆ. ‘ಒಬ್ಬೊಬ್ಬರಿಗೆ ನೂರ ನಲವತ್ತೆರಡು, ಉಳಿದ ಆರು ರೂಪಾಯಿ ಎಲ್ಲರ ಚಹಾಕ್ಕೆ’ ಎಂದರು. ನಾನು ಹಾಗೆಯೇ ಬರೆದೆ. ಚಹಾಕ್ಕೆಂದು ಒಂದು ಖಾತೆಯನ್ನೂ ತೆರೆದೆ.

ಕುಷ್ಟಗಿಯಲ್ಲೇ ಒಂದು ಅಂಗಡಿ, ಒಂದು ಹಾಲಿನ ಸಂಘ, ಒಂದು ಔಷಧಿ ಮಳಿಗೆ ಆರಿಸಿಕೊಳ್ಳಿ. ಒಂದೊಂದು ಕಡೆ ವಾರ ಕುಳಿತು, ಅವರು ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆ, ಎಲ್ಲಿ ಹೊಡೆದು ತಿದ್ದುತ್ತಾರೆ ಎಂದು ಬರೆದುಕೊಳ್ಳಿ. ಆ ಟಿಪ್ಪಣಿ ಇಟ್ಟುಕೊಂಡು ಒಂದು ಸಣ್ಣ ಪ್ರೋಗ್ರಾಂ ಮಾಡಿ, ಕೃತಕ ಬುದ್ಧಿಮತ್ತೆಯ ಸಹಾಯ ಪಡೆದರೂ ಸರಿ. ಅವರು ಒಂದು ತಿಂಗಳು ಬಳಸಿದ ಮೇಲೆ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ಈ ಸುಗ್ಗಿಗೆ ನನಗೂ ಕೆಲಸಕ್ಕೆ ಜನ ಬೇಕಾಗಿದ್ದಾರೆ.